ಹಳೆಯ ಮ್ಯಾನುಯಲ್ ಲೆನ್ಸ್, ಹೊಸ ಮಿರರ್‌ಲೆಸ್ ಕ್ಯಾಮೆರಾ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಹಳೆಯ ಲೆನ್ಸ್ ಹೊಸ ಕ್ಯಾಮೆರಾದಲ್ಲಿ ಸರಿಯಾಗಿ ಕೆಲಸ ಮಾಡದಿದ್ದರೆ ಮೊದಲ ಅನುಮಾನ ಲೆನ್ಸಿನ ಮೇಲೆಯೇ ಬೀಳುತ್ತದೆ. ಇಷ್ಟು ವರ್ಷ ಹಳೆಯದು, ಅದೇ ಕೆಟ್ಟಿರಬೇಕು ಅಂದುಕೊಂಡು ಸ್ಕ್ರೂಡ್ರೈವರ್ ಹಿಡಿಯುವವರು ತುಂಬ ಜನ. ಅಲ್ಲೇ ನಷ್ಟ ಶುರುವಾಗುತ್ತದೆ. ಕ್ಯಾಮೆರಾದ ಸೆಟ್ಟಿಂಗ್ ತಪ್ಪಿದ್ದರೆ ಮತ್ತೆ ಬದಲಿಸಬಹುದು. ಲೆನ್ಸನ್ನು ಕ್ಯಾಮೆರಾಕ್ಕೆ ಜೋಡಿಸುವ ಅಡಾಪ್ಟರ್ ಕೆಟ್ಟಿದ್ದರೆ ಬೇರೆ ತರಬಹುದು. ಚೆನ್ನಾಗಿದ್ದ ಲೆನ್ಸ್ ಬಿಚ್ಚಿ ಜೋಡಣೆ ತಪ್ಪಿಸಿದರೆ ಅದನ್ನು ಮೊದಲಿನ ಸ್ಥಿತಿಗೆ ತರುವುದು ಬಹಳ ಕಷ್ಟ. ಹಾಗಾಗಿ ಹುಡುಕುವ ಕ್ರಮ ಇದೇ ಇರಲಿ: ಮೊದಲು ಸೆಟ್ಟಿಂಗ್, ಆಮೇಲೆ ಅಡಾಪ್ಟರ್, ಕೊನೆಗೆ ಲೆನ್ಸ್. ಒಂದು ಸಲಕ್ಕೆ ಒಂದನ್ನೇ ಬದಲಿಸಿ.

ಇದಕ್ಕೆ ಬೇಕಾದ ಸಾಮಾನು ಕಮ್ಮಿ. ಒಂದು ಟಾರ್ಚ್, ಒಂದು ಟ್ರೈಪಾಡ್, ಸಾಧ್ಯವಾದರೆ ವರ್ನಿಯರ್ ಕ್ಯಾಲಿಪರ್. ಇವೆಲ್ಲಕ್ಕಿಂತ ಉಪಯೋಗದ್ದು ಅದೇ ಮೌಂಟ್‌ನ (ಲೆನ್ಸ್ ಮತ್ತು ಕ್ಯಾಮೆರಾ ಸೇರುವ ಭಾಗ) ಇನ್ನೊಂದು ಲೆನ್ಸ್. ಎರಡನೇ ಲೆನ್ಸಿನಲ್ಲೂ ಅದೇ ತೊಂದರೆ ಬಂದರೆ ಮೊದಲನೆಯದರ ಮೇಲಿನ ಅನುಮಾನ ಬಹುಪಾಲು ಹೋಯಿತು. ಕ್ಯಾಮೆರಾ ಕಂಪನಿಯದೇ ಲೆನ್ಸ್ ಹಾಕಿದಾಗಲೂ ತೊಂದರೆ ಉಳಿದರೆ ಕ್ಯಾಮೆರಾ ಕಡೆ ನೋಡಬೇಕು.

ಶಟರ್ ಬೀಳುತ್ತಲೇ ಇಲ್ಲ

ಸಾದಾ ಅಡಾಪ್ಟರ್‌ನಲ್ಲಿ ವಿದ್ಯುತ್ ಸಂಪರ್ಕ ಇರುವುದಿಲ್ಲ. ಲೆನ್ಸ್ ಹಾಕಿಲ್ಲ ಎಂದೇ ಕ್ಯಾಮೆರಾ ತಿಳಿಯುತ್ತದೆ. ಮೆನುವಿನಲ್ಲಿ 'ಲೆನ್ಸ್ ಇಲ್ಲದೆ ಶಟರ್ ಬಿಡು' ಎಂಬ ಅರ್ಥದ ಆಯ್ಕೆ ಹುಡುಕಿ ಆನ್ ಮಾಡಿ. ಹೆಸರು ಕಂಪನಿಯಿಂದ ಕಂಪನಿಗೆ ಸ್ವಲ್ಪ ಬೇರೆ. ಪರದೆಯ ಮೇಲೆ ಎಫ್ ಸಂಖ್ಯೆಯ (ಅಪರ್ಚರ್, ಅಂದರೆ ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿಯ ಅಳತೆ) ಜಾಗದಲ್ಲಿ ಸೊನ್ನೆಯೋ ಗೆರೆಯೋ ಕಂಡರೆ ಅದು ದೋಷವಲ್ಲ, ಹಾಗೇ ಇರುತ್ತದೆ. ಅಪರ್ಚರ್ ಪ್ರಯಾರಿಟಿ ಇಲ್ಲವೇ ಮ್ಯಾನುಯಲ್ ಮೋಡ್‌ನಲ್ಲಿ ಚಿತ್ರ ತೆಗೆಯಿರಿ.

ದೂರದ್ದು ಫೋಕಸ್ ಆಗುತ್ತಿಲ್ಲ

ಎಲ್ಲಕ್ಕಿಂತ ಹೆಚ್ಚು ಜನ ಸಿಕ್ಕಿಕೊಳ್ಳುವ ತೊಂದರೆ ಇದು. ಲೆನ್ಸ್ ಕೂರುವ ಮೌಂಟ್‌ನಿಂದ ಸೆನ್ಸರ್‌ವರೆಗಿನ ಅಂತರಕ್ಕೆ ಫ್ಲಾಂಜ್ ದೂರ ಎನ್ನುತ್ತಾರೆ. ಹಳೆಯ ಎಸ್‌ಎಲ್‌ಆರ್‌ಗಳಲ್ಲಿ ನಡುವೆ ಕನ್ನಡಿ ಇತ್ತು, ಅದಕ್ಕಾಗಿ ಈ ದೂರ ಜಾಸ್ತಿ ಬೇಕಿತ್ತು. ಪ್ರತಿ ಮೌಂಟ್‌ಗೂ ಈ ದೂರ ಬೇರೆ: ಕ್ಯಾನನ್ ಎಫ್‌ಡಿಗೆ 42 ಮಿಲಿಮೀಟರ್, ಮಿನೋಲ್ಟಾ ಎಸ್‌ಆರ್‌ಗೆ 43.5, ಎಂ42 ಮತ್ತು ಪೆಂಟಾಕ್ಸ್ ಕೆಗೆ 45.46, ಒಲಿಂಪಸ್ ಓಎಂಗೆ 46, ನಿಕಾನ್ ಎಫ್‌ಗೆ 46.5. ಮಿರರ್‌ಲೆಸ್‌ನಲ್ಲಿ ಕನ್ನಡಿಯೇ ಇಲ್ಲವಲ್ಲ, ದೂರ ಅರ್ಧಕ್ಕೂ ಕಡಿಮೆ: ನಿಕಾನ್ ಝಡ್ 16, ಫ್ಯೂಜಿ ಎಕ್ಸ್ 17.7, ಸೋನಿ ಇ 18, ಮೈಕ್ರೋ ಫೋರ್ ಥರ್ಡ್ಸ್ 19.25, ಕ್ಯಾನನ್ ಆರ್‌ಎಫ್ 20. ಈ ವ್ಯತ್ಯಾಸ ತುಂಬುವುದೇ ಅಡಾಪ್ಟರ್‌ನ ಕೆಲಸ. ಒಳಗೆ ಗಾಜಿಲ್ಲ, ಬರೀ ಟೊಳ್ಳು ಕೊಳವೆ. ಎಂ42 ಲೆನ್ಸನ್ನು ಸೋನಿ ಇ ಕ್ಯಾಮೆರಾಕ್ಕೆ ಹಾಕಲು ಕೊಳವೆಯ ಉದ್ದ 45.46 ಕಳೆ 18, ಅಂದರೆ 27.46 ಮಿಲಿಮೀಟರ್ ಇರಬೇಕು.

ಉದ್ದ ಜಾಸ್ತಿಯಾದರೆ ದೂರದ ಬೆಟ್ಟ, ಚಂದ್ರ, ನಕ್ಷತ್ರ ಯಾವುದೂ ಸ್ಪಷ್ಟವಾಗುವುದಿಲ್ಲ. ಎಷ್ಟು ಜಾಸ್ತಿಯಾದರೆ ಎಷ್ಟು ಕೆಡುತ್ತದೆ ಎಂಬುದನ್ನು ಲೆಕ್ಕ ಹಾಕಬಹುದು. ಫೋಕಲ್ ಉದ್ದದ (ಲೆನ್ಸ್ ಮೇಲೆ ಬರೆದ ಎಂಎಂ ಸಂಖ್ಯೆ) ವರ್ಗವನ್ನು ಹೆಚ್ಚಾದ ದಪ್ಪದಿಂದ ಭಾಗಿಸಿ. ಬರುವ ಉತ್ತರವೇ ಆ ಲೆನ್ಸ್ ಫೋಕಸ್ ಮಾಡಬಲ್ಲ ಅತಿ ದೂರ, ಹೆಚ್ಚುಕಮ್ಮಿ. ಅಡಾಪ್ಟರ್ ಬರೀ 0.1 ಮಿಲಿಮೀಟರ್ ದಪ್ಪವಾಗಿದೆ ಅಂದುಕೊಳ್ಳಿ. 135 ಎಂಎಂ ಲೆನ್ಸ್ ಸುಮಾರು 180 ಮೀಟರ್‌ವರೆಗೆ ಫೋಕಸ್ ಮಾಡುತ್ತದೆ. 50 ಎಂಎಂ 25 ಮೀಟರ್‌ಗೆ ನಿಲ್ಲುತ್ತದೆ. 28 ಎಂಎಂ ಎಂಟು ಮೀಟರ್‌ಗೂ ಸ್ವಲ್ಪ ಮೊದಲೇ ನಿಂತುಬಿಡುತ್ತದೆ!

ಹಾಗಾಗಿ 'ನನ್ನ ಟೆಲಿ ಲೆನ್ಸ್ ಚೆನ್ನಾಗಿದೆ, ವೈಡ್ ಲೆನ್ಸ್ ಮಾತ್ರ ಕೆಟ್ಟಿದೆ' ಎಂಬ ತೀರ್ಮಾನಕ್ಕೆ ಬೇಗ ಬರಬೇಡಿ. ಎರಡಕ್ಕೂ ಒಂದೇ ಅಡಾಪ್ಟರ್ ಬಳಸುತ್ತಿದ್ದರೆ ಅದರ ದಪ್ಪವೇ ಕಾರಣವಾಗಿರಬಹುದು, ವೈಡ್ ಅದನ್ನು ತೋರಿಸಿಕೊಟ್ಟಿದೆ ಅಷ್ಟೇ. ಅಡಾಪ್ಟರ್ ಪರೀಕ್ಷಿಸಲು ನಿಮ್ಮ ಹತ್ತಿರ ಇರುವ ಅತ್ಯಂತ ವೈಡ್ ಲೆನ್ಸನ್ನೇ ಬಳಸಿ. ಅಪರ್ಚರ್ ಪೂರ್ತಿ ತೆರೆದು, ಒಂದು ಕಿಲೋಮೀಟರ್‌ಗಿಂತ ದೂರದ ವಸ್ತುವಿಗೆ ಗುರಿಯಿಟ್ಟು, ಪರದೆಯಲ್ಲಿ ದೊಡ್ಡದು ಮಾಡಿ ನೋಡಿ. ಎಫ್ 8ರಲ್ಲಿ ನೋಡಿದರೆ ದೋಷ ಮುಚ್ಚಿಹೋಗುತ್ತದೆ.

ಆಮೇಲೆ ಕ್ಯಾಲಿಪರ್‌ನಿಂದ ಅಡಾಪ್ಟರ್ ಅಳೆಯಿರಿ. ಲೆನ್ಸ್ ಕೂರುವ ಮುಖದಿಂದ ಕ್ಯಾಮೆರಾಕ್ಕೆ ತಾಗುವ ಮುಖದವರೆಗೆ, ಸುತ್ತಲೂ ನಾಲ್ಕು ಕಡೆ. ನಾಲ್ಕೂ ಅಳತೆ ಒಂದೇ ಬಂದು, ಇರಬೇಕಾದ್ದಕ್ಕಿಂತ ಹೆಚ್ಚಾಗಿದ್ದರೆ ಅಡಾಪ್ಟರ್ ದಪ್ಪ. ಮನೆಯಲ್ಲಿ ಉಜ್ಜಿ ತೆಳುಮಾಡಲು ಹೋಗಬೇಡಿ, ಮುಖ ಸಮತಟ್ಟಾಗಿ ಉಳಿಯುವುದಿಲ್ಲ. ಬೇರೆ ಅಡಾಪ್ಟರ್ ತರುವುದೇ ಸರಿ. ನಾಲ್ಕು ಕಡೆ ಬೇರೆ ಬೇರೆ ಬಂದರೆ ಅಡಾಪ್ಟರ್ ಓರೆಯಾಗಿದೆ, ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಅಡಾಪ್ಟರ್ ತೆಳುವಾಗಿದ್ದರೆ ಲೆನ್ಸ್ ಇನ್ಫಿನಿಟಿ (ಅತಿ ದೂರದ) ಗುರುತಿಗೆ ಮುಂಚೆಯೇ ದೂರದ್ದನ್ನು ಸ್ಪಷ್ಟಮಾಡಿ, ಅದನ್ನೂ ದಾಟಿ ತಿರುಗುತ್ತದೆ. ಇದಕ್ಕೆ ಗಾಬರಿ ಬೇಡ. ಎಷ್ಟೋ ತಯಾರಕರು ಬೇಕೆಂದೇ ಕೂದಲಷ್ಟು ತೆಳುವಾಗಿ ಮಾಡುತ್ತಾರೆ, ದೂರದ ಫೋಕಸ್ ತಪ್ಪಬಾರದು ಎಂದು. ಉಂಗುರದ ಮೇಲಿನ ಮೀಟರ್ ಗುರುತುಗಳನ್ನು ಮಾತ್ರ ನಂಬಲಾಗದು. ಆದರೆ ಹತ್ತಿರದ ಫೋಕಸ್‌ಗಾಗಿ ಒಳಗಿನ ಗಾಜುಗಳು ಪರಸ್ಪರ ಸರಿಯುವ ವೈಡ್ ಲೆನ್ಸ್‌ಗಳಿವೆ. ಅವುಗಳಲ್ಲಿ ಅಡಾಪ್ಟರ್ ತೆಳುವಾದರೆ ಮೂಲೆಗಳ ಗುಣಮಟ್ಟ ಇಳಿಯುತ್ತದೆ. ಎರಡು ತುಂಡು ಸ್ಕ್ರೂನಿಂದ ಜೋಡಿಸಿದ ಅಡಾಪ್ಟರ್ ಆದರೆ ನಡುವೆ ತೆಳು ತಗಡಿನ ಉಂಗುರ ಇಟ್ಟು ಸರಿಮಾಡಬಹುದು.

ಅಳತೆ ಸರಿಯಾಗಿದೆ, ಎರಡನೇ ಲೆನ್ಸ್ ದೂರಕ್ಕೆ ಚೆನ್ನಾಗಿ ಫೋಕಸ್ ಮಾಡುತ್ತಿದೆ, ಮೊದಲನೆಯದು ಮಾತ್ರ ಮಾಡುತ್ತಿಲ್ಲ ಎಂದಾದರೆ ಈಗ ಲೆನ್ಸ್ ಮೇಲೆ ಅನುಮಾನ ಪಡಬಹುದು. ಹಿಂದೆ ಯಾರೋ ಬಿಚ್ಚಿ ಸ್ವಚ್ಛ ಮಾಡಿ, ಫೋಕಸ್ ಹೆಲಿಕಾಯ್ಡ್‌ನ (ತಿರುಗಿದಾಗ ಲೆನ್ಸನ್ನು ಹಿಂದೆ ಮುಂದೆ ಸರಿಸುವ ಸುರುಳಿ ಭಾಗ) ಥ್ರೆಡ್ಡನ್ನು ತಪ್ಪು ಜಾಗದಲ್ಲಿ ಕೂರಿಸಿರುವುದೇ ಇದಕ್ಕೆ ಸಾಮಾನ್ಯ ಕಾರಣ. ಸ್ಕ್ರೂಗಳ ತಲೆಯಲ್ಲಿ ಗೀರು ಇದೆಯಾ ನೋಡಿ.

ಯಾವ ದೂರದಲ್ಲೂ ಫೋಕಸ್ ಆಗುತ್ತಿಲ್ಲ, ಅಥವಾ ತೀರಾ ಹತ್ತಿರ ಮಾತ್ರ ಆಗುತ್ತಿದೆ

ಕೂದಲಷ್ಟು ತಪ್ಪಿನಿಂದ ಹೀಗಾಗುವುದಿಲ್ಲ. ಅಡಾಪ್ಟರ್ ಜಾತಿಯೇ ಬೇರೆ. ಎಂ39 ಸ್ಕ್ರೂ ಥ್ರೆಡ್ ಇರುವ ಲೆನ್ಸ್‌ಗಳಲ್ಲಿ ಈ ಗೊಂದಲ ತುಂಬ. ಒಂದೇ ವ್ಯಾಸದ ಥ್ರೆಡ್ ಎರಡು ಬೇರೆ ವಂಶಗಳಲ್ಲಿದೆ. ಲೈಕಾ ರೀತಿಯ ರೇಂಜ್‌ಫೈಂಡರ್‌ಗೆ (ಲೆನ್ಸಿನ ಹಿಂದೆ ಕನ್ನಡಿ ಇಲ್ಲದ ಹಳೆಯ ಫಿಲ್ಮ್ ಕ್ಯಾಮೆರಾ) ಮಾಡಿದ ಎಂ39ಕ್ಕೆ ಫ್ಲಾಂಜ್ ದೂರ 28.8 ಮಿಲಿಮೀಟರ್. ಸೋವಿಯತ್ ಜೆನಿಟ್ ಎಸ್‌ಎಲ್‌ಆರ್‌ಗೆ ಮಾಡಿದ ಎಂ39ಕ್ಕೆ 45.2. ಲೆನ್ಸ್ ಎರಡರಲ್ಲೂ ಸಲೀಸಾಗಿ ತಿರುಗಿ ಕೂರುತ್ತದೆ, ಅದಕ್ಕೇ ಮೋಸ ಹೋಗುತ್ತೇವೆ. ಜೆನಿಟ್ ಲೆನ್ಸನ್ನು ಲೈಕಾ ಅಡಾಪ್ಟರ್‌ಗೆ ಹಾಕಿದರೆ ಅದು 16.4 ಮಿಲಿಮೀಟರ್ ಒಳಗೆ ಕೂರುತ್ತದೆ, ಯಾವುದೂ ಸ್ಪಷ್ಟವಾಗುವುದಿಲ್ಲ. ರೇಂಜ್‌ಫೈಂಡರ್ ಲೆನ್ಸನ್ನು ಎಂ42 ಅಡಾಪ್ಟರ್‌ಗೆ ಸಣ್ಣ ಉಂಗುರ ಸೇರಿಸಿ ಹಾಕಿದರೆ ಅದು ಮ್ಯಾಕ್ರೋ ಲೆನ್ಸ್ ಆಗಿಬಿಡುತ್ತದೆ. ಇಂಡಸ್ಟಾರ್-50 ಎರಡೂ ರೂಪದಲ್ಲಿ ಬಂದಿದೆ. ಹೆಸರು ನೋಡಿ ನಿರ್ಧರಿಸಬೇಡಿ, ಹಾಕಿ ನೋಡಿ ತಿಳಿಯಿರಿ. ಇಲ್ಲಿ ಲೆನ್ಸೂ ಸರಿ, ಅಡಾಪ್ಟರೂ ಸರಿ. ಜೋಡಿ ಮಾತ್ರ ತಪ್ಪು.

ಅಪರ್ಚರ್ ಉಂಗುರ ತಿರುಗಿಸಿದರೂ ಏನೂ ಆಗುತ್ತಿಲ್ಲ

ಪರದೆಯ ಬೆಳಕು ನೋಡಿ ತೀರ್ಮಾನಿಸಬೇಡಿ. ಅಪರ್ಚರ್ ಪ್ರಯಾರಿಟಿಯಲ್ಲಿ ಕ್ಯಾಮೆರಾ ತಾನೇ ಸರಿದೂಗಿಸುವುದರಿಂದ ಪರದೆ ಒಂದೇ ಥರ ಕಾಣುತ್ತದೆ. ಐಎಸ್‌ಒ ಒಂದೇ ಸಂಖ್ಯೆಗೆ ನಿಲ್ಲಿಸಿ, ಶಟರ್ ವೇಗ ನೋಡಿ. ಎಫ್ 2ರಿಂದ ಎಫ್ 4ಕ್ಕೆ ಹೋದರೆ ಬೆಳಕು ನಾಲ್ಕರಲ್ಲಿ ಒಂದು ಪಾಲಾಗುತ್ತದೆ. 1/1000 ಇದ್ದದ್ದು 1/250 ಆಸುಪಾಸಿಗೆ ಬರಬೇಕು. ವೇಗ ಅಲ್ಲಾಡದಿದ್ದರೆ ಅಪರ್ಚರ್ ಕಿಂಡಿಯನ್ನು ಮುಚ್ಚುವ ಬ್ಲೇಡ್‌ಗಳು ಅಲ್ಲಾಡುತ್ತಿಲ್ಲ ಎಂದೇ ಅರ್ಥ. ಮುಂದಿನಿಂದ ಲೆನ್ಸ್ ಒಳಗೆ ಕಣ್ಣಿಟ್ಟು ಖಚಿತಪಡಿಸಿಕೊಳ್ಳಿ.

ಎಂ42 ಲೆನ್ಸ್ ಆದರೆ ಹಿಂದೆ ಒಂದು ಪುಟ್ಟ ಪಿನ್ ಇದೆಯಾ ನೋಡಿ. ಹಳೆಯ ಕ್ಯಾಮೆರಾ ಚಿತ್ರ ತೆಗೆಯುವ ಕ್ಷಣದಲ್ಲಿ ಆ ಪಿನ್ ಒತ್ತಿ ಬ್ಲೇಡ್ ಮುಚ್ಚುತ್ತಿತ್ತು. ಲೆನ್ಸಿನಲ್ಲಿ ಆಟೋ-ಮ್ಯಾನುಯಲ್ ಸ್ವಿಚ್ ಇದ್ದರೆ ಮ್ಯಾನುಯಲ್‌ಗೆ ಹಾಕಿ, ಕೆಲಸ ಮುಗಿಯಿತು. ಹೀಲಿಯೋಸ್ 44ಎಂ-4ರಂಥ ಲೆನ್ಸ್‌ಗಳಲ್ಲಿ ಆ ಸ್ವಿಚ್ ಇಲ್ಲ. ಅವಕ್ಕೆ ಪಿನ್ನನ್ನು ಸದಾ ಒತ್ತಿಹಿಡಿಯುವ ಒಳ ಅಂಚು ಇರುವ ಅಡಾಪ್ಟರ್ ಬೇಕು. ಇದರ ಉಲ್ಟಾ ತೊಂದರೆಯೂ ಉಂಟು. ಆ ಒಳ ಅಂಚು ತೀರಾ ಎತ್ತರವಿದ್ದರೆ ಪಿನ್ ಅತಿಯಾಗಿ ಒತ್ತಿಹೋಗಿ ಉಂಗುರಗಳು ಬಿಗಿಯಾಗುತ್ತವೆ. ಲೆನ್ಸನ್ನು ಅಡಾಪ್ಟರ್‌ನಿಂದ ಕಾಲು ಸುತ್ತು ಸಡಿಲಿಸಿದಾಗ ಉಂಗುರ ಹಗುರವಾದರೆ ಕಾರಣ ಇದೇ. ಗ್ರೀಸ್ ಬದಲಿಸಲು ಲೆನ್ಸ್ ಬಿಚ್ಚುವ ಮೊದಲು ದಯವಿಟ್ಟು ಇದೊಂದು ಪರೀಕ್ಷೆ ಮಾಡಿ.

ಕ್ಯಾನನ್ ಎಫ್‌ಡಿ ಅಡಾಪ್ಟರ್‌ಗಳಲ್ಲಿ ಲೆನ್ಸಿನ ಲಿವರ್ ತಳ್ಳಲು ಪ್ರತ್ಯೇಕ ಉಂಗುರ ಇರುತ್ತದೆ. ಅದು ಒಂದು ಕಡೆಗಿದ್ದರೆ ಲೆನ್ಸ್ ಪೂರ್ತಿ ತೆರೆದೇ ಇರುತ್ತದೆ, ಇನ್ನೊಂದು ಕಡೆಗೆ ತಿರುಗಿಸಿದರೆ ಅಪರ್ಚರ್ ಕೈಗೆ ಸಿಗುತ್ತದೆ. ಉಂಗುರ ತಪ್ಪು ಜಾಗದಲ್ಲಿರುವಾಗ ಲೆನ್ಸ್ ಹಾಕಿದರೆ ಅಡಾಪ್ಟರ್‌ನ ಕಡ್ಡಿ ಲಿವರ್‌ನ ತಪ್ಪು ಬದಿಗೆ ಹೋಗುತ್ತದೆ. ಆಗ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ತೆಗೆದು, ಉಂಗುರ ಆಚೆ ಬದಿಗೆ ಹೊರಳಿಸಿ, ಮತ್ತೆ ಹಾಕಿ. ಲೆನ್ಸಿನ ಅಪರ್ಚರ್ ಉಂಗುರ ಆಟೋ ಗುರುತಿನ ಮೇಲೆ ಇರಬಾರದು. ನಿಕಾನ್ ಜಿ ಸರಣಿಯಂಥ, ಅಪರ್ಚರ್ ಉಂಗುರವೇ ಇಲ್ಲದ ಲೆನ್ಸ್‌ಗಳಿಗೆ ಉಂಗುರ ಇರುವ ಅಡಾಪ್ಟರನ್ನೇ ಕೊಳ್ಳಬೇಕು.

ಬ್ಲೇಡ್ ಮೇಲೆ ಎಣ್ಣೆ ಕಂಡರೆ? ಎಸ್‌ಎಲ್‌ಆರ್ ಕಾಲದಲ್ಲಿ ಇದು ದೊಡ್ಡ ದೋಷ. ಬ್ಲೇಡ್ ಕ್ಷಣಾರ್ಧದಲ್ಲಿ ಮುಚ್ಚಬೇಕಿತ್ತು, ಎಣ್ಣೆ ಅದನ್ನು ನಿಧಾನ ಮಾಡುತ್ತಿತ್ತು. ಮಿರರ್‌ಲೆಸ್‌ನಲ್ಲಿ ನಾವು ಮೊದಲೇ ಅಪರ್ಚರ್ ಮುಚ್ಚಿ ಇಟ್ಟುಕೊಂಡಿರುತ್ತೇವೆ ಅಲ್ವಾ? ನಿಧಾನವಾಗಿ ಮುಚ್ಚಿದರೂ ನಡೆಯುತ್ತದೆ. ಎಫ್ 16ಕ್ಕೆ ಹಾಕಿ, ಬ್ಲೇಡ್‌ಗಳ ನಡುವಿನ ಕಿಂಡಿ ಚಿಕ್ಕದಾಗಿ, ಎಲ್ಲ ಬದಿ ಸಮವಾಗಿ ಕಂಡರೆ ಸುಮ್ನೆ ಬಿಡಿ. ಬ್ಲೇಡ್ ಅರ್ಧದಲ್ಲೇ ನಿಂತರೆ ಅಥವಾ ಗಾಜಿನ ಮೇಲೆ ಎಣ್ಣೆಯ ಮಬ್ಬು ಕೂತಿದ್ದರೆ ಮಾತ್ರ ರಿಪೇರಿ.

ಒಂದು ಬದಿ ಮಾತ್ರ ಮಸುಕು

ಹುಡುಕಲು ಸ್ವಲ್ಪ ತಾಳ್ಮೆ ಬೇಡುವ ದೋಷ. ಮೂರು ಕಾರಣ ಇರಬಹುದು: ಅಡಾಪ್ಟರ್ ಓರೆ, ಲೆನ್ಸಿನ ಒಳಗೆ ಒಂದು ಗಾಜು ಜಾಗ ಬಿಟ್ಟಿದೆ, ಅಥವಾ ಕ್ಯಾಮೆರಾದ ಮೌಂಟ್ ಇಲ್ಲವೇ ಸೆನ್ಸರ್ ಓರೆ. ಕ್ಯಾಮೆರಾದ ಸ್ವಂತ ಲೆನ್ಸ್ ಹಾಕಿದಾಗ ಎರಡೂ ಬದಿ ಚೆನ್ನಾಗಿ ಬಂದರೆ ಮೂರನೆಯದನ್ನು ಕೈಬಿಡಿ.

ಉಳಿದ ಎರಡನ್ನು ಬೇರ್ಪಡಿಸಲು ಟ್ರೈಪಾಡ್ ಮೇಲೆ ಇಟ್ಟು ಅಪರ್ಚರ್ ಪೂರ್ತಿ ತೆರೆಯಿರಿ. ದೂರದ ಒಂದು ಗೋಪುರವನ್ನೋ ಮರವನ್ನೋ ಚೌಕಟ್ಟಿನ ಎಡ ಅಂಚಿಗೆ ತಂದು, ದೊಡ್ಡದು ಮಾಡಿ, ಅಲ್ಲೇ ಫೋಕಸ್ ಮಾಡಿ. ಆಮೇಲೆ ಕ್ಯಾಮೆರಾ ತಿರುಗಿಸಿ ಅದೇ ವಸ್ತುವನ್ನು ಬಲ ಅಂಚಿಗೆ ತಂದು ಹೊಸದಾಗಿ ಫೋಕಸ್ ಮಾಡಿ. ಮಸುಕಾಗಿದ್ದ ಬದಿ ಹೊಸ ಫೋಕಸ್‌ನಿಂದ ಚೆನ್ನಾಗಿ ಸ್ಪಷ್ಟವಾದರೆ ಫೋಕಸ್ ಆಗುವ ಸಮತಲವೇ ವಾಲಿದೆ. ಅಡಾಪ್ಟರ್ ಮೇಲೆ ಅನುಮಾನ ಇಡಿ. ಎಷ್ಟು ತಿರುಗಿಸಿದರೂ ಆ ಬದಿ ಸ್ಪಷ್ಟವಾಗದಿದ್ದರೆ ಲೆನ್ಸ್ ಒಳಗಿನ ಗಾಜು ಜಾಗ ಬಿಟ್ಟಿರುವ ಸಂಭವ ಹೆಚ್ಚು.

ಎಂ42ನಲ್ಲಿ ಇನ್ನೂ ಒಳ್ಳೆಯ ಪರೀಕ್ಷೆ ಇದೆ, ನನಗೆ ತುಂಬ ನಂಬಿಕೆ ಇರುವುದು ಇದರ ಮೇಲೆಯೇ. ಆ ಮೌಂಟ್‌ನ ಸ್ಕ್ರೂ ಥ್ರೆಡ್‌ನಲ್ಲಿ ಒಂದು ಸುತ್ತಿಗೆ ಲೆನ್ಸ್ ಒಂದು ಮಿಲಿಮೀಟರ್ ಸರಿಯುತ್ತದೆ. ಅರ್ಧ ಸುತ್ತು ಬಿಚ್ಚಿದರೆ ಅರ್ಧ ಮಿಲಿಮೀಟರ್ ಮುಂದೆ ಬರುತ್ತದೆ ಮತ್ತು ಲೆನ್ಸ್ ತಲೆಕೆಳಗಾಗುತ್ತದೆ. 50 ಎಂಎಂ ಲೆನ್ಸ್ ಆಗ ಐದು ಮೀಟರ್ ಆಚೆಗೆ ಫೋಕಸ್ ಮಾಡಲಾರದು, ಹಾಗಾಗಿ ಮೂರು ಮೀಟರ್ ದೂರದ ಗೋಡೆಗೆ ಸುದ್ದಿಪತ್ರಿಕೆಯ ಹಾಳೆಗಳನ್ನು ಅಂಟಿಸಿ ಗುರಿ ಮಾಡಿಕೊಳ್ಳಿ. ಕ್ಯಾಮೆರಾ ಗೋಡೆಗೆ ನೇರವಾಗಿರಲಿ. ಮೊದಲು ಪೂರ್ತಿ ಬಿಗಿದು ಒಂದು ಚಿತ್ರ, ಆಮೇಲೆ ಅರ್ಧ ಸುತ್ತು ಬಿಚ್ಚಿ ಫೋಕಸ್ ಮಾಡಿ ಇನ್ನೊಂದು. ಲೆನ್ಸ್ ಅಲುಗದಂತೆ ಕೈಯಿಂದ ಮೆಲ್ಲಗೆ ಹಿಡಿದಿರಿ. ಮಸುಕು ಎಡದಿಂದ ಬಲಕ್ಕೆ ಹೋದರೆ ದೋಷ ಲೆನ್ಸಿನದ್ದು. ಇದ್ದಲ್ಲೇ ಉಳಿದರೆ ಅಡಾಪ್ಟರ್‌ನದ್ದು. ಬೇರೆ ಮೌಂಟ್‌ಗಳಲ್ಲಿ ಹೀಗೆ ತಿರುಗಿಸಲಾಗದು, ಎರಡನೇ ಲೆನ್ಸ್ ಹಾಕಿ ನೋಡಬೇಕು.

ಅಡಾಪ್ಟರ್ ಅಲುಗಾಡುತ್ತಿದ್ದರೂ ಇದೇ ಲಕ್ಷಣ ಬರುತ್ತದೆ, ಆದರೆ ಮಸುಕು ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಫೋಕಸ್ ಉಂಗುರ ತಿರುಗಿಸುವಾಗ ದೃಶ್ಯ ಪಕ್ಕಕ್ಕೆ ಕುಪ್ಪಳಿಸಿದರೆ ಅಲುಗಾಟ ಇದೆ. ಅಡಾಪ್ಟರ್‌ನ ಸ್ಕ್ರೂ ಸಡಿಲವಾಗಿದೆಯಾ ನೋಡಿ. ಭಾರದ ಟೆಲಿ ಲೆನ್ಸ್ ಆದರೆ ಟ್ರೈಪಾಡನ್ನು ಕ್ಯಾಮೆರಾಕ್ಕೆ ಕಟ್ಟದೆ ಲೆನ್ಸಿನ ಅಥವಾ ಅಡಾಪ್ಟರ್‌ನ ಕಾಲಿಗೆ ಕಟ್ಟಿ.

ನಾಲ್ಕೂ ಮೂಲೆ ಸಮವಾಗಿ ಎಳೆದಂತೆ ಮಸುಕಾಗುವುದು ಬೇರೆ ವಿಷಯ. ರೇಂಜ್‌ಫೈಂಡರ್ ಕಾಲದ ವೈಡ್ ಲೆನ್ಸ್‌ಗಳ ಹಿಂದಿನ ಗಾಜು ಸೆನ್ಸರ್‌ಗೆ ತುಂಬ ಹತ್ತಿರ ಬರುತ್ತದೆ, ಬೆಳಕು ಮೂಲೆಗಳಿಗೆ ಬಹಳ ಓರೆಯಾಗಿ ಬೀಳುತ್ತದೆ. ಸೆನ್ಸರ್ ಮುಂದಿರುವ ಫಿಲ್ಟರ್ ಗಾಜು ಆ ಓರೆ ಬೆಳಕನ್ನು ಕೆಡಿಸುತ್ತದೆ. ಫಿಲ್ಮ್ ಮುಂದೆ ಅಂಥ ಗಾಜು ಇರಲಿಲ್ಲ. ರಿಪೇರಿಯಿಂದ ಇದು ಹೋಗುವುದಿಲ್ಲ. ಜೂಪಿಟರ್-12ರಂಥ ಲೆನ್ಸ್‌ಗಳ ಹಿಂಭಾಗ ಕ್ಯಾಮೆರಾದೊಳಗೆ ತುಂಬ ಚಾಚಿಕೊಳ್ಳುತ್ತದೆ. ಹಾಕುವ ಮೊದಲು ಆ ಚಾಚನ್ನು ಅಳೆಯಿರಿ.

ಫೋಕಸ್ ಸರಿಯಾಗಿ ಕಂಡಿತು, ಚಿತ್ರ ಮಾತ್ರ ಮಸುಕು

ಮೊದಲು ಕ್ಯಾಮೆರಾದೊಳಗಿನ ಸ್ಟೆಬಿಲೈಸರ್ (ಕೈ ನಡುಕ ಸರಿದೂಗಿಸಲು ಸೆನ್ಸರ್ ಸರಿಸುವ ವ್ಯವಸ್ಥೆ) ಆಫ್ ಮಾಡಿ, ವೇಗದ ಶಟರ್‌ನಲ್ಲಿ ಒಂದು ಚಿತ್ರ ತೆಗೆಯಿರಿ. ಅದು ಸ್ಪಷ್ಟವಾಗಿ ಬಂದರೆ ಸ್ಟೆಬಿಲೈಸರ್‌ಗೆ ಫೋಕಲ್ ಉದ್ದ ತಪ್ಪು ಕೊಟ್ಟಿರಬಹುದು. ಹಳೆಯ ಲೆನ್ಸ್ ತನ್ನ ಉದ್ದವನ್ನು ಹೇಳಲಾರದು, ನಾವೇ ಮೆನುವಿನಲ್ಲಿ ತುಂಬಬೇಕು. ನಿನ್ನೆ 135 ಹಾಕಿದ್ದು, ಇಂದು 35 ಎಂಎಂ ಲೆನ್ಸ್ ಇಟ್ಟು ಸಂಖ್ಯೆ ಬದಲಿಸದಿದ್ದರೆ ಸೆನ್ಸರ್ ಬೇಕಾದ್ದಕ್ಕಿಂತ ಹೆಚ್ಚು ಓಡಾಡಿ ಚಿತ್ರವನ್ನು ತಾನೇ ಕಲಕುತ್ತದೆ. ಲೆನ್ಸ್ ಮೇಲೆ ಬರೆದಿರುವ ಸಂಖ್ಯೆಯನ್ನೇ ಕೊಡಿ, ಕ್ರಾಪ್ ಲೆಕ್ಕ (ಚಿಕ್ಕ ಸೆನ್ಸರ್‌ಗಾಗಿ ಮಾಡುವ ಗುಣಾಕಾರ) ಸೇರಿಸಬೇಡಿ. 0.71 ಪಟ್ಟಿನ ಫೋಕಲ್ ರೆಡ್ಯೂಸರ್ (ಫೋಕಲ್ ಉದ್ದ ಕಡಿಮೆ ಮಾಡುವ, ಒಳಗೆ ಗಾಜಿರುವ ವಿಶೇಷ ಅಡಾಪ್ಟರ್) ಇದ್ದರೆ ಮಾತ್ರ ಗುಣಿಸಿ, 50 ಇದ್ದದ್ದು 35.5 ಆಗುತ್ತದೆ.

ಆಮೇಲೆ ಪೀಕಿಂಗ್. ಬಣ್ಣದ ಅಂಚು ತೋರಿಸುವ ಈ ಸೌಲಭ್ಯ ಹೆಚ್ಚು ಕಾಂಟ್ರಾಸ್ಟ್ ಇರುವ ಕಡೆ ಫೋಕಸ್ ಇನ್ನೂ ಪೂರ್ತಿಯಾಗುವ ಮೊದಲೇ ಹೊಳೆಯುತ್ತದೆ. ಹತ್ತಿರ ಬರಲು ಅದನ್ನು ಬಳಸಿ, ಕೊನೆಯ ನಿರ್ಧಾರ ದೊಡ್ಡದು ಮಾಡಿ ನೋಡಿದ ಮೇಲೆ ಇರಲಿ. ಹಳೆಯ ದೊಡ್ಡ ಅಪರ್ಚರ್ ಲೆನ್ಸ್‌ಗಳಲ್ಲಿ, ಮುಖ್ಯವಾಗಿ ಸೋನಾರ್ ವಿನ್ಯಾಸದವುಗಳಲ್ಲಿ, ಅಪರ್ಚರ್ ಮುಚ್ಚುತ್ತ ಹೋದಂತೆ ಫೋಕಸ್ ಬಿಂದು ಸರಿಯುತ್ತದೆ. ಎಫ್ 1.5ರಲ್ಲಿ ಫೋಕಸ್ ಮಾಡಿ ಎಫ್ 2.8ರಲ್ಲಿ ತೆಗೆದರೆ ಕಣ್ಣಿಗಿಟ್ಟ ಫೋಕಸ್ ಕಿವಿಗೆ ಹೋಗಬಹುದು. ಯಾವ ಅಪರ್ಚರ್‌ನಲ್ಲಿ ತೆಗೆಯುತ್ತೀರೋ ಅದರಲ್ಲೇ ಫೋಕಸ್ ಮಾಡಿ.

ಮಬ್ಬು, ಮಧ್ಯದ ಬಿಳಿ ಕಲೆ, ಹಳದಿ ಬಣ್ಣ

ಕತ್ತಲೆ ಕೋಣೆಯಲ್ಲಿ ಲೆನ್ಸಿನ ಹಿಂದಿನಿಂದ ಟಾರ್ಚ್ ಓರೆಯಾಗಿ ಹಿಡಿದು ಮುಂದಿನಿಂದ ನೋಡಿ. ಜೇಡರ ಬಲೆಯಂಥ ಎಳೆಗಳು ಫಂಗಸ್. ಇಡೀ ಗಾಜಿನ ಮೇಲೆ ಒಂದೇ ಸಮ ಹರಡಿದ ಬಿಳಿ ತೆರೆ ಎಣ್ಣೆಯ ಮಬ್ಬು. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣ ಕಂಡರೆ ಅಂಟಿಸಿದ ಎರಡು ಗಾಜು ಬಿಟ್ಟುಕೊಳ್ಳುತ್ತಿವೆ. ಕೆಲವು ಧೂಳಿನ ಕಣ, ಮುಂದಿನ ಗಾಜಿನ ಒಂದೆರಡು ಗೀರು ಚಿತ್ರವನ್ನು ಬಹುತೇಕ ಕೆಡಿಸುವುದಿಲ್ಲ. ಅವನ್ನು ತೆಗೆಯಲು ಹೋಗಬೇಡಿ.

ಗಾಜು ಶುಭ್ರವಾಗಿದ್ದೂ ಚಿತ್ರ ಬಿಳಿಚಿಕೊಂಡರೆ ಅಡಾಪ್ಟರ್ ಒಳಗೋಡೆ ನೋಡಿ. ಅದು ಹೊಳೆಯುತ್ತಿದ್ದರೆ ಬೆಳಕು ಅಲ್ಲಿ ಪುಟಿದು ಸೆನ್ಸರ್‌ಗೆ ಬೀಳುತ್ತದೆ. ಚಿಕ್ಕ ಸೆನ್ಸರ್ ಕ್ಯಾಮೆರಾಗಳಲ್ಲಿ ಇದು ಜಾಸ್ತಿ, ಏಕೆಂದರೆ ಲೆನ್ಸ್ ಕೊಡುವ ಬೆಳಕಿನ ವೃತ್ತದಲ್ಲಿ ದೊಡ್ಡ ಪಾಲು ಸೆನ್ಸರ್‌ನ ಹೊರಗೆ ಬೀಳುತ್ತದೆ. ಹೊಳಪಿಲ್ಲದ ಕಪ್ಪು ಕಾಗದ ಸುರುಳಿ ಮಾಡಿ ಒಳಗಿಟ್ಟು ಅದೇ ದೃಶ್ಯ ತೆಗೆಯಿರಿ. ವ್ಯತ್ಯಾಸ ಕಂಡರೆ ಎಳೆ ಉದುರದ ಕಪ್ಪು ವೆಲ್ವೆಟ್ ಪಟ್ಟಿ ಅಂಟಿಸಿ. ಮಧ್ಯದಲ್ಲಿ ಬಿಳಿ ಅಥವಾ ನೀಲಿ ಕಲೆ ಇದ್ದು, ಅಪರ್ಚರ್ ಮುಚ್ಚಿದಷ್ಟೂ ಅದು ಚಿಕ್ಕದಾಗಿ ಗಾಢವಾದರೆ ಸೆನ್ಸರ್ ಮತ್ತು ಲೆನ್ಸಿನ ಹಿಂದಿನ ಗಾಜಿನ ನಡುವೆ ಬೆಳಕು ಪುಟಿಯುತ್ತಿದೆ. ಆ ಜೋಡಿಯಲ್ಲಿ ಅಪರ್ಚರ್ ಸ್ವಲ್ಪ ತೆರೆದೇ ತೆಗೆಯಬೇಕು.

ಬಿಳಿ ಕಾಗದದ ಮೇಲೆ ಲೆನ್ಸ್ ಹಿಡಿದಾಗ ಹಳದಿ ಕಂಡರೆ ಅದು ಥೋರಿಯಂ (ವಿಕಿರಣ ಸೂಸುವ ಒಂದು ಲೋಹ) ಸೇರಿಸಿದ ಗಾಜು ಇರಬಹುದು. ಏಳು ಗಾಜಿನ ಸೂಪರ್ ಟಕುಮಾರ್ 50 ಎಂಎಂ ಎಫ್ 1.4 ಇದಕ್ಕೆ ಹೆಸರಾದದ್ದು. ಅಲ್ಟ್ರಾವಯಲೆಟ್ ಎಲ್‌ಇಡಿ ದೀಪದಡಿ ಕೆಲವು ದಿನ ಇಟ್ಟರೆ ಹಳದಿ ಬಹುಪಾಲು ಇಳಿಯುತ್ತದೆ. ದೀಪವನ್ನು ನೇರ ನೋಡಬೇಡಿ. ಬಿಸಿಲಲ್ಲಿ ಇಟ್ಟು ಮರೆತುಬಿಡುವುದಂತೂ ಬೇಡ. ಲೆನ್ಸ್ ಬಿಸಿಲನ್ನು ಒಂದೆಡೆ ಸೇರಿಸಿ ಬೆಂಕಿ ಹೊತ್ತಿಸಬಲ್ಲದು.

ವೇಗದ ಶಟರ್‌ನಲ್ಲಿ ಮಾತ್ರ ಚಿತ್ರದ ಒಂದು ಕಡೆ ಕಪ್ಪು

1/2000ಕ್ಕಿಂತ ವೇಗದಲ್ಲಿ ಬೆಳಕು ಮೇಲಿನಿಂದ ಕೆಳಕ್ಕೆ ಏರುಪೇರಾದರೆ, ಹಿನ್ನೆಲೆಯ ಬೆಳಕಿನ ವೃತ್ತಗಳು ಕತ್ತರಿಸಿದಂತೆ ಕಂಡರೆ, ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್ (ಶಟರ್‌ನ ಮೊದಲ ಪರದೆಯ ಕೆಲಸವನ್ನು ಸೆನ್ಸರೇ ಮಾಡುವ ಆಯ್ಕೆ) ಆಫ್ ಮಾಡಿ. ಪೂರ್ತಿ ಮೆಕ್ಯಾನಿಕಲ್ ಶಟರ್‌ನಲ್ಲಿ ಸರಿಯಾದರೆ ಅಲ್ಲಿಗೆ ಮುಗಿಯಿತು.

ಲೆನ್ಸನ್ನೇ ರಿಪೇರಿ ಮಾಡಬೇಕಾಗಿ ಬಂದರೆ

ಎಲ್ಲ ಪರೀಕ್ಷೆಯ ನಂತರ ದೋಷ ಲೆನ್ಸಿನದ್ದೇ ಎಂದು ಖಚಿತವಾದರೆ, ನೋಡಿದ ಲಕ್ಷಣಗಳನ್ನು ಬರೆದಿಟ್ಟು ಲೆನ್ಸ್ ರಿಪೇರಿ ಬಲ್ಲವರಿಗೆ ಕೊಡಿ. 'ಫೋಕಸ್ ಸರಿ ಇಲ್ಲ' ಎನ್ನುವುದಕ್ಕಿಂತ 'ಅರ್ಧ ಸುತ್ತು ತಿರುಗಿಸಿದಾಗ ಮಸುಕು ಎಡದಿಂದ ಬಲಕ್ಕೆ ಹೋಯಿತು' ಎಂದರೆ ಅವರ ಕೆಲಸ ಅರ್ಧ ಹಗುರ. ಬಿಗಿಯಾದ ಉಂಗುರಕ್ಕೆ ಸ್ಪ್ರೇ ಎಣ್ಣೆ ಹೊಡೆಯಬೇಡಿ. ಅದು ಹಳೆಯ ಗ್ರೀಸನ್ನು ಕರಗಿಸಿ ಬ್ಲೇಡ್‌ಗೂ ಗಾಜಿಗೂ ಒಯ್ಯುತ್ತದೆ. ಸ್ವಂತ ಬಿಚ್ಚಲೇಬೇಕೆಂದಿದ್ದರೆ ಪ್ರತಿ ಹಂತದ ಫೋಟೊ ತೆಗೆಯಿರಿ. ಹೆಲಿಕಾಯ್ಡ್ ಕಳಚಿಕೊಳ್ಳುವ ಜಾಗದಲ್ಲಿ ಎರಡೂ ಭಾಗಕ್ಕೆ ಗೀರು ಎಳೆದು ಗುರುತು ಮಾಡಿ. ವಾಪಸ್ ಸೇರಿಸುವಾಗ ಆ ಎರಡು ಗೀರು ಎದುರುಬದುರಾಗಿ ಇದ್ದಲ್ಲಿಂದಲೇ ಥ್ರೆಡ್ ಶುರುವಾಗಬೇಕು.